ಬಿಚ್ಚಿ ಅಳೆದ ಪೋರ್ಷೆ
ಪ್ಲಾಸ್ಟಿಕ್ ಮಾದರಿ ಕಾರು, ಅಳತೆ 1/12, ಜಪಾನ್, 1976

ಇದು ಪೋರ್ಷೆ 934 ರೇಸ್ ಕಾರಿನ ಮಾದರಿ. ತಯಾರಿಸಿದ್ದು ಶಿಜುವೊಕಾ ನಗರದ ತಮಿಯಾ ಕಂಪನಿ. 1946ರಲ್ಲಿ ಮರ ಕೊಯ್ಯುವ ಕಾರ್ಖಾನೆಯಾಗಿ ಆರಂಭವಾಗಿ, ಮೊದಲು ಮರದ ಮಾದರಿಗಳನ್ನು ಮಾಡಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದ ಸಂಸ್ಥೆ ಅದು.

ಫೋಟೊ ಮತ್ತು ನಕ್ಷೆಗಳಲ್ಲಿ ಕಾರಿನ ಒಳಗಿನ ವಿವರವೆಲ್ಲ ಸಿಗುವುದಿಲ್ಲ. ಅದಕ್ಕಾಗಿ ಕಂಪನಿಯ ಶುನ್‌ಸಾಕು ತಮಿಯಾ ಅವರು 934ಕ್ಕೆ ಆಧಾರವಾದ ಪೋರ್ಷೆ 911ರ ನಿಜವಾದ ಕಾರೊಂದನ್ನೇ ಕೊಂಡು, ಭಾಗಭಾಗವಾಗಿ ಬಿಚ್ಚಿಸಿ ಅಧ್ಯಯನ ಮಾಡಿಸಿದರು. ಮಾದರಿಯ ಹಿಂಬದಿಯ ಮುಚ್ಚಳ ಎತ್ತಿ ಎಂಜಿನ್ ನೋಡಿದವರಿಗೆ ಆ ಖರ್ಚು ಹೆಚ್ಚೆನಿಸದು. ಸುಮಾರು 4.3 ಮೀಟರ್ ಉದ್ದದ ಕಾರು ಇಲ್ಲಿ 36 ಸೆಂ.ಮೀ. ಆಸುಪಾಸಿಗೆ ಇಳಿದಿದೆ. ಅದೇ 1976ರಲ್ಲಿ ಈ ಕಾರಿನ ರೇಡಿಯೊ ನಿಯಂತ್ರಿತ ಮಾದರಿಯೂ ಮಾರುಕಟ್ಟೆಗೆ ಬಂತು.

ಕರಗಿಸಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಾರೆ. ಡಬ್ಬಿಯಲ್ಲಿ ಅವು ಚೌಕಟ್ಟುಗಳಿಗೆ ಅಂಟಿಕೊಂಡಿರುತ್ತವೆ, ಬಳ್ಳಿಗೆ ಕಾಯಿ ಜೋತಂತೆ. ಕತ್ತರಿಸಿ, ಅಂಚು ಉಜ್ಜಿ, ಬಣ್ಣ ಹಚ್ಚಿ ಜೋಡಿಸಬೇಕು. ಅಂಟಿಸಲು ಬಳಸುವ ದ್ರಾವಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಹಾಗಾಗಿ ಒಮ್ಮೆ ಅಂಟಿಸಿದ್ದನ್ನು ಬಿಡಿಸುವುದು ಬಲು ಕಷ್ಟ.

ಜೋಡಿಸದೆ ಹಾಗೇ ಉಳಿದ ಹಳೆಯ ಡಬ್ಬಿಗಳನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅಂಥವನ್ನು ಕಾಪಾಡುವುದೂ ಒಂದು ವಿದ್ಯೆ. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರದ ಹಾಳೆ ಕಾಲಕ್ರಮೇಣ ಹಳದಿಯಾಗುತ್ತದೆ. ಮೆತ್ತನೆಯ ವಿನೈಲ್ ಟೈರು ಪಕ್ಕದ ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡೇ ಇದ್ದರೆ ಅದನ್ನು ನಿಧಾನವಾಗಿ ಕರಗಿಸಿಬಿಡಬಹುದು. ಬಲ್ಲವರು ಟೈರುಗಳನ್ನು ಬೇರೆ ಪೊಟ್ಟಣದಲ್ಲಿ ಇಡುತ್ತಾರೆ.