ಪೂರ್ವಾಪರ

ಸರ್ಕಾರಿ ಕೆಲಸ ಸಿಕ್ಕಿತು ಎಂಬ ಮಾತಿಗೂ ಕೆಲಸಕ್ಕೆ ಸೇರಿದೆ ಎಂಬ ಮಾತಿಗೂ ನಡುವೆ ಒಂದು ಕಾಲಾವಧಿ ಉಂಟು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿರುತ್ತದೆ. ಬೀದಿಯವರಿಗೆಲ್ಲ ಸಕ್ಕರೆ ಹಂಚಿ ಆಗಿರುತ್ತದೆ. ಹೆಣ್ಣು ಕೊಡುವವರು ಒಮ್ಮೆ ಬಂದು ಕಾಫಿ ಕುಡಿದು ಹೋಗಿರುತ್ತಾರೆ. ಆದರೆ ನೇಮಕದ ಆದೇಶ ಬಂದಿರುವುದಿಲ್ಲ. ಪೊಲೀಸಿನವರು ನಡತೆಯನ್ನು ವಿಚಾರಿಸಬೇಕು, ವೈದ್ಯರು ದೇಹವನ್ನು ನೋಡಬೇಕು, ಜಾತಿ ಆದಾಯಗಳ ಕಾಗದಗಳು ಮೂಲಕ್ಕೆ ಹೋಗಿ ಖಚಿತವಾಗಿ ಹಿಂದಿರುಗಬೇಕು. ಅಲ್ಲಿಯವರೆಗೆ ಆ ಮನುಷ್ಯ ನಿರುದ್ಯೋಗಿಯೂ ಅಲ್ಲ, ಉದ್ಯೋಗಿಯೂ ಅಲ್ಲ. ಈ ತ್ರಿಶಂಕುಸ್ಥಿತಿಗೆ ಒಂದು ದೀರ್ಘವಾದ ಚರಿತ್ರೆಯಿದೆ. ಅದರ ಕೆಲವು ಪುಟಗಳನ್ನು, ಕೊನೆಗೆ ನನ್ನದೇ ಆದ ಒಂದು ಸಣ್ಣ ಪುಟವನ್ನು, ಶ್ರೋತೃಗಳ ಮುಂದೆ ತೆರೆಯಬೇಕೆಂದಿದ್ದೇನೆ.

ಇಂಥ ವಿಚಾರಣೆಗೆ ನಮ್ಮ ಕಛೇರಿಗಳ ಕನ್ನಡದಲ್ಲಿ 'ಪೂರ್ವಾಪರ ಪರಿಶೀಲನೆ' ಎನ್ನುತ್ತಾರೆ. 'ಪೂರ್ವಚರಿತ್ರೆ ಮತ್ತು ನಡತೆ' ಎಂದೂ ಉಂಟು. ಕನ್ನಡ ಪಾಠ ಹೇಳಿ ಬದುಕಿದವನಿಗೆ ಇಲ್ಲಿ ಒಂದು ಕ್ಷಣ ನಿಲ್ಲಬೇಕೆನಿಸುತ್ತದೆ. ಚರಿತ್ರೆ, ಚಾರಿತ್ರ್ಯ, ಎರಡೂ 'ಚರ್' ಎಂಬ ಒಂದೇ ಧಾತುವಿನಿಂದ ಬಂದವು. ನಡೆ ಎಂಬುದೇ ಎರಡರ ತಿರುಳು. ಮನುಷ್ಯ ನಡೆದುಬಂದ ದಾರಿಯೇ ಅವನ ಗುಣ ಎಂದು ಭಾಷೆ ಎಂದೋ ತೀರ್ಮಾನಿಸಿಬಿಟ್ಟಿದೆ. ಗುಮಾಸ್ತರು ಅದನ್ನು ಒಂದು ಕಾಲಮ್ಮಿನಲ್ಲಿ ತುಂಬಿಸಿದರು, ಅಷ್ಟೆ.

ಅಧಿಕಾರಿಯ ಗುಣಪರೀಕ್ಷೆಯ ಮಾತೆತ್ತಿದರೆ ಕೌಟಿಲ್ಯನ ಬಳಿಗೆ ಹೋಗಲೇಬೇಕು. ಅವನು ನಮಗೆ ಮರಳಿ ದೊರೆತದ್ದು ಮೈಸೂರಿನಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. 1905ರಲ್ಲಿ ಅಲ್ಲಿಯ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ತಾಳೆಗರಿಯ ಪ್ರತಿ 1909ರಲ್ಲಿ ಗ್ರಂಥವಾಗಿ ಹೊರಬಂತು. ಅದರ ಮೊದಲನೆಯ ಅಧಿಕರಣದಲ್ಲಿ ಅಮಾತ್ಯರನ್ನು ಪರೀಕ್ಷಿಸುವ ನಾಲ್ಕು 'ಉಪಧೆ'ಗಳ ವಿವರಣೆಯಿದೆ: ಧರ್ಮ, ಅರ್ಥ, ಕಾಮ, ಭಯ. ಪದಚ್ಯುತನಾದಂತೆ ನಟಿಸುವ ಪುರೋಹಿತನೊಬ್ಬ ರಾಜನ ವಿರುದ್ಧ ಧರ್ಮದ ಹೆಸರಿನಲ್ಲಿ ಕಿವಿಯೂದಿಸುತ್ತಾನೆ. ಸೇನಾಪತಿ ಹಣದ ಆಸೆ ತೋರಿಸುತ್ತಾನೆ. ಸನ್ಯಾಸಿನಿಯೊಬ್ಬಳು ಬಂದು ರಾಣಿಗೆ ನಿಮ್ಮಲ್ಲಿ ಮನಸ್ಸಾಗಿದೆ ಎನ್ನುತ್ತಾಳೆ. ಇದ್ದಕ್ಕಿದ್ದಂತೆ ಸೆರೆಗೆ ಹಾಕಿಸಿ ಅಲ್ಲಿ ದಂಗೆಯ ಮಾತಾಡಿಸುತ್ತಾರೆ. ಇವುಗಳಲ್ಲಿ ಜಾರದೆ ನಿಂತವನು ಶುದ್ಧ.

ಆದರೆ ಈ ಪ್ರಕರಣದಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಮೂರು ಅಂಶಗಳಿವೆ. ಕೌಟಿಲ್ಯನು ಮೊದಲು ಸಾಮಾನ್ಯವಾದ ಅಧಿಕಾರಸ್ಥಾನದಲ್ಲಿ ನೇಮಿಸಿ ಅನಂತರ ಪರೀಕ್ಷಿಸು ಎನ್ನುತ್ತಾನೆ. ಕೆಲಸ ಮೊದಲು, ಶೋಧನೆ ಆಮೇಲೆ. ಕಾಯುವವನ ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಎರಡನೆಯದು, ನಾಲ್ಕರಲ್ಲಿಯೂ ಸೋತವನನ್ನು ಸಹ ಅವನು ಬೀದಿಗೆ ತಳ್ಳುವುದಿಲ್ಲ. ಗಣಿಗೋ ಕಾಡಿಗೋ ಆನೆಗಳ ವನಕ್ಕೋ ಕಾರ್ಖಾನೆಗೋ ಕಳುಹಿಸುತ್ತಾನೆ. ಮೂರನೆಯದು ಅವನ ಎಚ್ಚರಿಕೆ: ಪರೀಕ್ಷೆಯ ಹೆಸರಿನಲ್ಲಿ ಕೆಡದ ಮನಸ್ಸನ್ನು ಕೆಡಿಸಬೇಡ, ತಿಳಿನೀರಿಗೆ ನಂಜು ಹಾಕಿದ ಹಾಗಾದೀತು, ಕೆಟ್ಟದ್ದಕ್ಕೆ ಮದ್ದು ಸಿಗದೆ ಹೋದೀತು. ಕುಟಿಲನೆಂದು ಹೆಸರು ಹೊತ್ತವನ ಬಾಯಿಂದ ಬಂದ ಈ ಮಾತು ನನಗೆ ಬಹಳ ಹಿಡಿಸಿದೆ.

ಇಂಗ್ಲಿಷರ ಕಾಲಕ್ಕೆ ಬರೋಣ. 1853ರ ಸನ್ನದಿನಿಂದ ಸಿವಿಲ್ ಸರ್ವೀಸಿಗೆ ಸ್ಪರ್ಧಾ ಪರೀಕ್ಷೆಯ ಬಾಗಿಲು ತೆರೆಯಿತು. ಪರೀಕ್ಷೆ ಲಂಡನ್ನಿನಲ್ಲಿ. ಸಮುದ್ರ ದಾಟಿ ಹೋಗಿ 1869ರಲ್ಲಿ ತೇರ್ಗಡೆಯಾದ ಭಾರತೀಯರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರೂ ಒಬ್ಬರು. ತೇರ್ಗಡೆಯಾದ ಮೇಲೆ ತೊಡಕು ಎದ್ದದ್ದು ವಯಸ್ಸಿನ ವಿಷಯದಲ್ಲಿ. ಕಲ್ಕತ್ತೆಯಲ್ಲಿ ಮೆಟ್ರಿಕ್ಯುಲೇಷನ್ನಿಗೆ ಕಟ್ಟುವಾಗ ನಮೂದಿಸಿದ್ದ ವಯಸ್ಸನ್ನು ಲೆಕ್ಕ ಹಾಕಿ, ಮಿತಿ ಮೀರಿದೆ ಎಂದು ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ನಮ್ಮಲ್ಲಿ ವಯಸ್ಸು ಹೇಳುವ ಪದ್ಧತಿ ಶ್ರೋತೃಗಳಿಗೆ ಗೊತ್ತೇ ಇದೆ: ಹದಿನೈದು ತುಂಬಿ ಹದಿನಾರು ನಡೆಯುತ್ತಿದ್ದರೆ ಅಜ್ಜಿ ಹದಿನಾರು ಎಂದೇ ಹೇಳುತ್ತಾಳೆ. ನಡೆಯುವ ವರ್ಷವೇ ನಮಗೆ ವಯಸ್ಸು, ಇಂಗ್ಲಿಷರಿಗೆ ತುಂಬಿದ ವರ್ಷ. ಈ ಒಂದು ವರ್ಷದ ಅಂತರದಲ್ಲಿ ಸುರೇಂದ್ರನಾಥರ ಬದುಕು ಸಿಕ್ಕಿಕೊಂಡಿತು. ಅವರು ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಆ ಕಾಯುವಿಕೆಯ ನಡುವೆಯೇ, 1870ರಲ್ಲಿ, ಊರಿನಲ್ಲಿ ತಂದೆ ತೀರಿಕೊಂಡರು. 1871ರಲ್ಲಿ ಸಿಲ್ಹೆಟ್ಟಿನಲ್ಲಿ ಅಧಿಕಾರಿಯಾದ ಅವರನ್ನು 1874ರಲ್ಲಿ ಕೆಲಸದಿಂದ ವಜಾ ಮಾಡಲಾಯಿತು. ಮುಂದೆ ಅವರು ದೇಶದ ನಾಯಕರಾದದ್ದು ಬೇರೆಯ ಕಥೆ.

ಅರವಿಂದ ಘೋಷರದು ಇನ್ನೂ ಪ್ರಸಿದ್ಧವಾದ ಪ್ರಸಂಗ. 1890ರಲ್ಲಿ ಪರೀಕ್ಷೆಯಲ್ಲಿ ಗೆದ್ದು, ಎರಡು ವರ್ಷದ ಉಮೇದುವಾರಿಯನ್ನೂ ಮುಗಿಸಿ, ಕಡೆಗೆ ಕುದುರೆ ಸವಾರಿಯ ಪರೀಕ್ಷೆಗೆ ಹೋಗದೆ ಉಳಿದು, 1892ರಲ್ಲಿ ತಿರಸ್ಕೃತರಾದರು. ಒಬ್ಬ ಕುದುರೆಯೇರಲಿಲ್ಲವೆಂದು ಸಾಮ್ರಾಜ್ಯ ಒಬ್ಬ ಕಲೆಕ್ಟರನನ್ನು ಕಳೆದುಕೊಂಡಿತು. ಆ ನಷ್ಟದಿಂದ ನಮಗೇನೂ ಬೇಸರವಿಲ್ಲ.

ವೈದ್ಯಪರೀಕ್ಷೆಯ ವಿಷಯ. 1922ರಲ್ಲಿ ಜಾರಿಗೆ ಬಂದ ಸರ್ಕಾರಿ ಸೇವೆಯ ಮೂಲ ನಿಯಮಗಳಲ್ಲಿ ಹತ್ತನೆಯದು, ಆರೋಗ್ಯದ ಪ್ರಮಾಣಪತ್ರವಿಲ್ಲದೆ ಯಾರನ್ನೂ ಕಾಯಂ ಹುದ್ದೆಗೆ ನೇಮಿಸಕೂಡದು ಎನ್ನುತ್ತದೆ. ಆ ಪ್ರಮಾಣಪತ್ರದ ನಮೂನೆಯಲ್ಲಿ ಒಂದು ಸೊಗಸಾದ ಸಾಲಿದೆ: ಅಭ್ಯರ್ಥಿಯ ವಯಸ್ಸು ಅವನ ಸ್ವಂತ ಹೇಳಿಕೆಯಂತೆ ಎಷ್ಟು, ನೋಟಕ್ಕೆ ಎಷ್ಟು. ಹೇಳಿಕೆಗೂ ನೋಟಕ್ಕೂ ಇರುವ ದೂರವನ್ನು ಸರ್ಕಾರ ಅಷ್ಟು ನಯವಾಗಿ ಒಪ್ಪಿಕೊಂಡ ಇನ್ನೊಂದು ದಾಖಲೆಯನ್ನು ನಾನು ಕಂಡಿಲ್ಲ. ನನಗೆ 25 ಆಗಿದ್ದಾಗ ಜಿಲ್ಲಾ ಆಸ್ಪತ್ರೆಯ ವೈದ್ಯರು ಕಣ್ಣೆತ್ತಿ ಒಮ್ಮೆ ನೋಡಿ 'ನೋಟಕ್ಕೆ 28' ಎಂದು ಬರೆದರು. ಎಡ ಮೊಣಕೈಯ ಬಳಿಯ ಕಪ್ಪು ಮಚ್ಚೆಯನ್ನು ಗುರುತೆಂದು ದಾಖಲಿಸಿದರು. ಆವರೆಗೆ ಅಂಥದೊಂದು ಮಚ್ಚೆ ನನಗಿದೆಯೆಂದು ತಾಯಿಯೊಬ್ಬಳಿಗೇ ಗೊತ್ತಿತ್ತು.

ಹೆಂಗಸರ ಪಾಲಿಗೆ ಈ ತಪಾಸಣೆ ಬೇರೆಯೇ ಬಗೆಯದಾಗಿತ್ತು. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗ ಅವರಿಂದ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂಬ ಮುಚ್ಚಳಿಕೆ ಬರೆಸಿಕೊಂಡರು. ಅವರೊಡನೆ ಸೇರಿದ ಗಂಡಸರು ಅಂಥದನ್ನು ಬರೆಯಬೇಕಾಗಿರಲಿಲ್ಲ. ಮೂವತ್ತು ವರ್ಷಗಳ ಮೇಲೆ, 1979ರಲ್ಲಿ, ಬಡ್ತಿಯ ವಿಷಯವಾಗಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಆ ಸೇವೆಯ ನಿಯಮಗಳಲ್ಲಿದ್ದ ಪಕ್ಷಪಾತವನ್ನು ಖಾರವಾಗಿಯೇ ಖಂಡಿಸಿದರು. ಮುತ್ತಮ್ಮನವರು ಕೊನೆಯವರೆಗೂ ಮದುವೆಯಾಗಲಿಲ್ಲ. ಮುಂದೆ 1991ರಲ್ಲಿ ಜೀವವಿಮಾ ನಿಗಮದ ಉದ್ಯೋಗಿಯೊಬ್ಬರ ಮೊಕದ್ದಮೆ ಬಂತು. ಕೆಲಸಕ್ಕೆ ಸೇರುವ ಹೆಣ್ಣುಮಗಳು ತನ್ನ ಮುಟ್ಟು, ಬಸಿರುಗಳ ವಿವರಗಳನ್ನೆಲ್ಲ ಅರ್ಜಿಯಲ್ಲಿ ಬರೆಯಬೇಕಾಗಿತ್ತು. ಬಸಿರನ್ನು ಮರೆಮಾಚಿದಳೆಂದು ಬಾಣಂತಿಯನ್ನು ಕೆಲಸದಿಂದ ತೆಗೆದಿದ್ದರು. ಕರ್ನಾಟಕದ ಹೈಕೋರ್ಟಿನಿಂದ ಮೇಲೇರಿದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರಿದ್ದ ಪೀಠ ಅಂಥ ಕಾಲಮ್ಮುಗಳನ್ನು ತೆಗೆದುಹಾಕಬೇಕೆಂದು ಹೇಳಿ, ಆಕೆಯನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳುವಂತೆ ಆಜ್ಞಾಪಿಸಿತು. ಎಲ್ಲ ಪ್ರಶ್ನೆಗೂ ಉತ್ತರ ಪಡೆಯುವ ಹಕ್ಕು ಪ್ರಶ್ನೆ ಕೇಳುವವನಿಗೆ ಇಲ್ಲ ಎಂಬುದು ನಮ್ಮ ದೇಶದಲ್ಲಿ ಹೀಗೆ ಒಂದೊಂದೇ ಕಾಲಮ್ಮಿನಂತೆ ಸ್ಥಾಪಿತವಾಗಬೇಕಾಯಿತು.

ಇನ್ನು ಪೊಲೀಸಿನವರ ವರದಿ. ಈ ಪ್ರಬಂಧಕ್ಕೆ ನಾನು ಕೈಹಾಕಿದ್ದೇ ಅದಕ್ಕಾಗಿ.

ಮಧ್ಯಪ್ರದೇಶದಲ್ಲಿ ಪುರಸಭೆಯ ಶಾಲೆಯೊಂದನ್ನು 1971ರಲ್ಲಿ ಸರ್ಕಾರ ವಹಿಸಿಕೊಂಡಿತು. ಅಲ್ಲಿಯ ಉಪಾಧ್ಯಾಯರೊಬ್ಬರನ್ನು ಪೂರ್ವಾಪರ ಪರಿಶೀಲನೆಗೆ ಒಳಪಟ್ಟು ಎಂಬ ಷರತ್ತಿನ ಮೇಲೆ 1972ರಲ್ಲಿ ಸರ್ಕಾರಿ ಸೇವೆಗೆ ಸೇರಿಸಿಕೊಂಡು, ಹಿಂದೆ ಕೆಲವು ಸಂಘಟನೆಗಳ ಚಟುವಟಿಕೆಯಲ್ಲಿದ್ದರೆಂಬ ಪೊಲೀಸ್ ವರದಿಯ ಆಧಾರದಿಂದ 1974ರಲ್ಲಿ ತೆಗೆದುಹಾಕಿದರು. ಮೊಕದ್ದಮೆ ಸುಪ್ರೀಂ ಕೋರ್ಟು ಮುಟ್ಟಿ 1983ರ ಫೆಬ್ರವರಿಯಲ್ಲಿ ತೀರ್ಪಾಯಿತು. ಅಭ್ಯರ್ಥಿಯ ರಾಜಕೀಯ ನಂಬಿಕೆಯೇನೆಂದು ಪೊಲೀಸಿನವರಿಂದ ವರದಿ ತರಿಸುವ ಕಲ್ಪನೆಯೇ ಮೂಲಭೂತ ಹಕ್ಕುಗಳ ಬುಡಕ್ಕೆ ಪೆಟ್ಟು ಎಂಬ ಅರ್ಥದ ಮಾತುಗಳನ್ನು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಬರೆದರು.

ಆ ತೀರ್ಪು ಬಂದ ಮರುವರ್ಷವೇ, 1984ರಲ್ಲಿ, ಸರ್ಕಾರಿ ಕಾಲೇಜಿನ ಕನ್ನಡ ಅಧ್ಯಾಪಕರ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ತೀರ್ಪಿನ ಸುದ್ದಿ ನನಗೆ ತಿಳಿದಿರಲಿಲ್ಲ. ನನ್ನ ಸಹಪಾಠಿಯೊಬ್ಬನ ಹೆಸರೂ ಅದೇ ಪಟ್ಟಿಯಲ್ಲಿ, ನನಗಿಂತ ಎರಡು ಸ್ಥಾನ ಮೇಲೆ ಇತ್ತು. ಇಬ್ಬರಿಗೂ ಒಂದೇ ವಾರದಲ್ಲಿ ಅಟೆಸ್ಟೇಷನ್ ಫಾರಂ ಬಂತು. ಹುಟ್ಟಿದ ಊರು, ಓದಿದ ಶಾಲೆಗಳು, ಐದು ವರ್ಷದಲ್ಲಿ ವಾಸವಿದ್ದ ವಿಳಾಸಗಳು, ಎಲ್ಲ ಸರಾಗವಾಗಿ ತುಂಬಿದವು. ಒಂದು ಪ್ರಶ್ನೆಯಲ್ಲಿ ಲೇಖನಿ ನಿಂತಿತು: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೆ, ವಶಕ್ಕೆ ತೆಗೆದುಕೊಳ್ಳಲಾಗಿತ್ತೆ?

1982ರಲ್ಲಿ ಗೋಕಾಕ್ ಚಳವಳಿಯ ದಿನಗಳು. ಎಂ.ಎ. ಓದುತ್ತಿದ್ದ ನಾವು ಮೆರವಣಿಗೆಯಲ್ಲಿ ಹೋಗಿ ಘೋಷಣೆ ಕೂಗಿದ್ದೆವು. ಸಂಜೆಗೆ ಹತ್ತಿಪ್ಪತ್ತು ಜನರನ್ನು ವ್ಯಾನಿಗೆ ಹತ್ತಿಸಿ, ಠಾಣೆಯ ಅಂಗಳದಲ್ಲಿ ಕೂರಿಸಿ, ಹೆಸರು ಬರೆದುಕೊಂಡು, ಟೀ ಕೊಟ್ಟು, ರಾತ್ರಿ ಎಂಟಕ್ಕೆ ಬಿಟ್ಟರು. ಮೊಕದ್ದಮೆ ಇಲ್ಲ, ದಂಡ ಇಲ್ಲ. ಆದರೆ ಹೆಸರು ಬರೆದುಕೊಂಡದ್ದು ನಿಜ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು.

ಅವನು 'ಹೌದು' ಎಂದು ಬರೆದ. ದಿನಾಂಕವನ್ನೂ ಕಾರಣವನ್ನೂ ಬರೆದ. ಕನ್ನಡಕ್ಕಾಗಿ ಠಾಣೆಗೆ ಹೋದದ್ದನ್ನು ಕನ್ನಡ ಮೇಷ್ಟರಾಗುವವನು ಏಕೆ ಮುಚ್ಚಿಡಬೇಕು ಎಂದು ನಕ್ಕ. ನಾನು ಮೂರು ದಿನ ಯೋಚಿಸಿದೆ. ಮನೆಯಲ್ಲಿ ಮದುವೆಗೆ ಬಂದ ಇಬ್ಬರು ತಂಗಿಯರಿದ್ದರು, ಸೊಸೈಟಿಯ ಸಾಲವಿತ್ತು. ಪರಿಚಯದ ಗುಮಾಸ್ತರೊಬ್ಬರು, "ಕೇಸಿಲ್ಲ ಅಂದ ಮೇಲೆ ಏನೂ ಆಗಿಲ್ಲ ಅಂತಲೇ ಅರ್ಥ ಕಣಪ್ಪ, ಇಲ್ಲ ಅಂತ ಬರಿ" ಎಂದರು. 'ಇಲ್ಲ' ಎಂದು ಬರೆದೆ. ಕನ್ನಡದಲ್ಲಿ ಅದಕ್ಕಿಂತ ಚಿಕ್ಕ ವಾಕ್ಯವಿಲ್ಲ.

ಬರೆದ ಮೇಲೆ ಕಾಯುವುದು. ಅಂಚೆಯವನು ಬರುವ ಹೊತ್ತಿಗೆ ಜಗಲಿಯ ಮೇಲೆ ಕೂರುವುದು ಅಭ್ಯಾಸವಾಯಿತು. ಎರಡು ತಿಂಗಳ ಮೇಲೆ ಒಂದು ಬೆಳಗ್ಗೆ ದಫೇದಾರರೊಬ್ಬರು ಸೈಕಲ್ಲಿನಲ್ಲಿ ಬಂದರು. ನಮ್ಮ ಮನೆಗೆ ಬರುವ ಮೊದಲು ಪಕ್ಕದ ಮನೆಗೆ ಹೋದರು. ಆ ಮನೆಯ ಯಜಮಾನರಿಗೂ ನಮ್ಮ ತಂದೆಗೂ ಹೊಲದ ಬದುವಿನ ಜಗಳ. ಹನ್ನೊಂದು ವರ್ಷದಿಂದ ಮಾತಿಲ್ಲ. ಅಪ್ಪ ಒಳಗೆ ಕಂಬಕ್ಕೊರಗಿ ನಿಂತಿದ್ದರು, ಎಲೆ ಅಡಿಕೆ ಬಾಯಲ್ಲಿ ಹಾಗೆಯೇ ಇತ್ತು. ನಡುಗೋಡೆಯಾಚೆಯಿಂದ ಮಾತು ಕೇಳಿಸಿತು: "ಅವರಪ್ಪ ಎಂಥವನೋ ನಾ ಹೇಳಾಕಿಲ್ಲ. ಹುಡುಗ ಮಾತ್ರ ಪುಸ್ತಕ ಬಿಟ್ರೆ ಏನೂ ಅರೀದವನು ಸ್ವಾಮಿ." ದಫೇದಾರರು ನಮ್ಮಲ್ಲಿಗೆ ಬಂದು ಕಾಫಿ ಕುಡಿದು, ರುಜು ಹಾಕಿಸಿಕೊಂಡು, ನಾನು ಬರೆದುಕೊಟ್ಟಿದ್ದನ್ನೇ ಓದಿ ಹೇಳಿ ಹೋದರು. ಠಾಣೆಯ ಅಂಗಳದ ಮಾತು ಏಳಲಿಲ್ಲ. ಅದು ನಡೆದದ್ದು ಬೇರೆ ಊರಿನಲ್ಲಿ. ಆ ಊರಿನ ದಫ್ತರವನ್ನು ಯಾರೂ ತೆರೆದಿರಲಿಲ್ಲ. ಅಪ್ಪ ಅಂದು ಸಂಜೆ ಹೊಲಕ್ಕೆ ಹೋದವರು ಬದುವಿನ ಮೇಲೆ ಬಹಳ ಹೊತ್ತು ನಿಂತಿದ್ದರಂತೆ.

ಆರನೆಯ ತಿಂಗಳಿಗೆ ನನಗೆ ಆದೇಶ ಬಂತು. ಗೆಳೆಯನಿಗೆ ಬರಲಿಲ್ಲ. ಅವನ 'ಹೌದು' ಕಡತವನ್ನು ಮೇಜಿನಿಂದ ಮೇಜಿಗೆ ಅಲೆಸುತ್ತಿತ್ತು. ಪ್ರತಿಯೊಬ್ಬರೂ ಇನ್ನೊಬ್ಬರ ಅಭಿಪ್ರಾಯ ಕೇಳುತ್ತಿದ್ದರು. ಅವನು ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳುತ್ತ, ನಿಶ್ಚಯವಾಗಿದ್ದ ಮದುವೆ ತಪ್ಪಿಹೋದದ್ದನ್ನು ನೋಡುತ್ತ, ಹತ್ತೊಂಬತ್ತು ತಿಂಗಳು ಕಾದ. ಕೊನೆಗೆ ಆದೇಶ ಬಂದಿತು, ಸೇರಿದ. ಕೆಲಸಕ್ಕೆ ಸೇರಿದ ದಿನದ ಲೆಕ್ಕದಲ್ಲಿ ಅವನು ನನಗಿಂತ ಕಿರಿಯನಾದ. ಪ್ರಾಂಶುಪಾಲನ ಕುರ್ಚಿ ನನಗೆ ದೊರಕಿದಾಗ ಅಭಿನಂದಿಸಿ ಪತ್ರ ಬರೆದವರಲ್ಲಿ ಅವನು ಮೊದಲಿಗ.

ಇತ್ತೀಚಿನ ವರ್ಷಗಳಲ್ಲಿ ನ್ಯಾಯಾಲಯಗಳ ದೃಷ್ಟಿ ಮೃದುವಾಗಿದೆ. 2011ರಲ್ಲಿ ದೆಹಲಿಯ ಪೊಲೀಸ್ ಅಭ್ಯರ್ಥಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಕ್ಟರ್ ಹ್ಯೂಗೋನ ಜೀನ್ ವಾಲ್‌ಜೀನನನ್ನು ನೆನೆದಿದೆ. ಅಕ್ಕನ ಮಕ್ಕಳ ಹಸಿವಿಗೆ ರೊಟ್ಟಿ ಕದ್ದು, ಆಜೀವ ಕಳ್ಳನೆಂಬ ಹಳದಿ ಕಾಗದವನ್ನು ಹೊತ್ತು ಅಲೆದವನು ಅವನು. ಕಾದಂಬರಿ ಓದುವವರಿಗೆ ಇದು ಸಮಾಧಾನದ ವಿಷಯ. ಕೇಂದ್ರ ಸರ್ಕಾರ 2016ರಲ್ಲಿ, ಅಭ್ಯರ್ಥಿಯ ಸ್ವಂತ ಘೋಷಣೆಯ ಮೇಲೆ ತಾತ್ಕಾಲಿಕ ನೇಮಕಪತ್ರ ಕೊಟ್ಟು, ಪರಿಶೀಲನೆಯನ್ನು ಆಮೇಲೆ ಮುಗಿಸಬಹುದೆಂದಿತು. ಕೌಟಿಲ್ಯನ ಕ್ರಮಕ್ಕೆ ಹತ್ತಿರದ ಮಾತು. ನಮ್ಮ ರಾಜ್ಯದಲ್ಲಿ 1990ರ ಮೀಸಲಾತಿ ಅಧಿನಿಯಮ, 1992ರ ನಿಯಮಗಳು ಬಂದ ಮೇಲೆ ಸಿಂಧುತ್ವ ಪ್ರಮಾಣಪತ್ರದ ಕಾಯುವಿಕೆಯೂ ಸೇರಿಕೊಂಡಿದೆ. ಸುಳ್ಳು ಜಾತಿಪತ್ರಗಳ ಹಾವಳಿ ಕಂಡವರು ಅದನ್ನು ಬೇಡವೆನ್ನಲಾರರು, ನಾನೂ ಅನ್ನಲಾರೆ.

ಅದೇ 2016ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೊಂದು, ಫಾರಮ್ಮಿನಲ್ಲಿ ಸಂಗತಿಯನ್ನು ಮುಚ್ಚಿಟ್ಟವರ ವಿಷಯವಾಗಿ ವಿವರವಾದ ತೀರ್ಪು ಕೊಟ್ಟಿತು. ಬರೆಯುವ ಮಾಹಿತಿ ಸತ್ಯವಾಗಿರಲೇಬೇಕು ಎಂದಿತು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಸಂಗತಿಯನ್ನು ಮುಚ್ಚಿಟ್ಟಿದ್ದರೆ ಉದ್ಯೋಗ ಕೊಡುವವನು ಅದನ್ನು ಕ್ಷಮಿಸಬಹುದು ಎಂದೂ ಹೇಳಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಎರಡು ಸಲ ಓದಿದೆ. ನನ್ನಂಥವರಿಗೆ ಕ್ಷಮೆಯಿತ್ತು. ನಿಜ ಬರೆದು ಹತ್ತೊಂಬತ್ತು ತಿಂಗಳು ಕಾದವನಿಗೆ ಏನು ಎಂಬುದನ್ನು ನಾನು ಅದರಲ್ಲಿ ಹುಡುಕಿದೆ.

ಅಂದು ರಾತ್ರಿ ಗೆಳೆಯನಿಗೆ ಫೋನು ಮಾಡಿ, ಮೂವತ್ತೆರಡು ವರ್ಷಗಳಲ್ಲಿ ಮೊದಲ ಸಲ, ನಾನು ಏನು ಬರೆದೆನೆಂಬುದನ್ನು ಹೇಳಿದೆ.

"ಗೊತ್ತಿತ್ತು ಕಣೋ," ಎಂದ. "ಇಲ್ಲದಿದ್ದರೆ ನಿನಗೆ ಆರು ತಿಂಗಳಿಗೇ ಹೇಗೆ ಬರಬೇಕು?" ಸ್ವಲ್ಪ ತಡೆದು, ಠಾಣೆಯಲ್ಲಿ ಕೊಟ್ಟ ಟೀ ಚೆನ್ನಾಗಿತ್ತು, ಶುಂಠಿ ಹಾಕಿದ್ದರು, ನೆನಪಿದೆಯೇ ಎಂದು ಕೇಳಿದ. ನನಗೆ ಶುಂಠಿಯ ನೆನಪಿರಲಿಲ್ಲ.