ನಮ್ಮ ಕೊರತೆ, ದೇವರ ಕೃಪೆ



ಆಗಸ್ಟ್ 4ರಂದು ಧರ್ಮಸಭೆಯು ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತದೆ. ಅವರು ವಿಚಾರಣಾಗುರುಗಳ ಪಾಲಕ ಸಂತರು. ಆ ದಿನ ಗುರುಗಳಿಗೆ ಹೂಗುಚ್ಛ ಕೊಟ್ಟು ಹಾರೈಸುವುದು ನಮ್ಮ ವಾಡಿಕೆ. ಆದರೆ ಈ ಸಂತರು ಗುರುವಾಗಲು ತಾವು ಅಯೋಗ್ಯರೆಂದು ಬಹುಕಾಲ ನೊಂದವರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ವಿಯಾನ್ನಿ ಹುಟ್ಟಿದ್ದು 1786ರ ಮೇ 8ರಂದು, ಫ್ರಾನ್ಸಿನ ಲಿಯೋನ್ ನಗರದ ಹತ್ತಿರದ ದಾರ್ದಿಯಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಫ್ರಾನ್ಸಿನ ಮಹಾಕ್ರಾಂತಿಯ ಕಾಲವದು. ದೇವಾಲಯಗಳು ಮುಚ್ಚಿದ್ದವು, ಗುರುಗಳು ತಲೆಮರೆಸಿಕೊಂಡಿದ್ದರು. ಬಾಲಕ ವಿಯಾನ್ನಿ ಮೊದಲ ಪರಮಪ್ರಸಾದ ಸ್ವೀಕರಿಸಿದ್ದು ಕಿಟಕಿ ಬಾಗಿಲು ಮುಚ್ಚಿದ ಮನೆಯೊಂದರಲ್ಲಿ. ಹೊಲದ ಕೆಲಸದ ನಡುವೆ ಶಾಲೆಯ ಓದು ಹಿಂದೆ ಬಿತ್ತು. ಸುಮಾರು 20ನೇ ವಯಸ್ಸಿನಲ್ಲಿ ಎಕುಯಿಯ ಗುರು ಬಾಲೆಯವರ ಬಳಿ ಲತೀನ್ ಕಲಿಯಲು ಕುಳಿತಾಗ ತಲೆಗೆ ಏನೂ ಹತ್ತಲಿಲ್ಲ. ಲಿಯೋನಿನ ಗುರುಮಠಕ್ಕೆ ಸೇರಿದರೂ ಲತೀನ್ ಪಾಠ ಅರ್ಥವಾಗದ ಕಾರಣ ಹೊರಬರಬೇಕಾಯಿತು.

ಗುರು ಬಾಲೆ ಶಿಷ್ಯನ ಕೈಬಿಡಲಿಲ್ಲ. ಫ್ರೆಂಚ್ ಭಾಷೆಯಲ್ಲೇ ದೈವಶಾಸ್ತ್ರ ಹೇಳಿಕೊಟ್ಟರು, ಮೇಲಿನವರ ಮುಂದೆ ಅವರ ಪರವಾಗಿ ಮಾತನಾಡಿದರು. ಕೊನೆಗೆ 1815ರ ಆಗಸ್ಟ್ 13ರಂದು ಗ್ರೆನೋಬ್ಲ್ ನಗರದಲ್ಲಿ ವಿಯಾನ್ನಿ ಗುರುದೀಕ್ಷೆ ಪಡೆದರು. 1818ರಲ್ಲಿ ಅವರನ್ನು ಕಳುಹಿಸಿದ್ದು ಸುಮಾರು 230 ಜನರಿದ್ದ ಆರ್ಸ್ ಎಂಬ ಕುಗ್ರಾಮಕ್ಕೆ.

ಅಲ್ಲಿ ಅವರು ಎಲ್ಲವನ್ನೂ ಸರಿಮಾಡಲು ಹೊರಟರು. ತಿಂಗಳುಗಟ್ಟಲೆ ಬೇಯಿಸಿದ ಆಲೂಗಡ್ಡೆಯನ್ನೇ ತಿಂದು ಬದುಕಿದರು. ಪ್ರಬೋಧನೆಯನ್ನು ರಾತ್ರಿಯಿಡೀ ಬರೆದು ಬಾಯಿಪಾಠ ಮಾಡಿದರೂ ಪೀಠದ ಮೇಲೆ ನಿಂತಾಗ ಮರೆಯುತ್ತಿತ್ತು. ಜನರ ಮೇಲೂ ಕಠಿಣರಾಗಿದ್ದರು. ಕುಣಿತ ಬಿಡದವರಿಗೆ ಪಾಪಕ್ಷಮೆ ತಡೆಹಿಡಿದದ್ದೂ ಉಂಟು. ವರ್ಷಗಳು ಕಳೆದಂತೆ, ಸಂತ ಅಲ್ಫೋನ್ಸುಸ್ ಲಿಗೋರಿಯವರ ದಯೆಯ ಬೋಧನೆಯನ್ನು ಅರಿತಂತೆ ಅವರು ಮೃದುವಾದರು. ಆರಂಭದ ಮಿತಿಮೀರಿದ ಉಪವಾಸಗಳನ್ನು ಮುಂದೆ ತಾವೇ ಯೌವನದ ಹುಚ್ಚಾಟವೆಂದು ಹೇಳಿ ನಗುತ್ತಿದ್ದರು.

ಆದರೂ ಒಳಗಿನ ನೋವು ಹೋಗಲಿಲ್ಲ. ಅವರಿಗೆ ಸಾಕಷ್ಟು ಜ್ಞಾನವಿಲ್ಲವೆಂದು ನೆರೆಯ ಗುರುಗಳು ಧರ್ಮಾಧ್ಯಕ್ಷರಿಗೆ ದೂರು ಬರೆದಾಗ, ಆ ಪತ್ರ ತಮ್ಮ ಕೈಗೆ ಬಂದರೆ ಅದಕ್ಕೆ ತಾವೇ ಸಹಿ ಹಾಕಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅದು ವಿನಯ. ಆದರೆ ವಿನಯವೇ ಹತಾಶೆಯ ಕಡೆಗೆ ವಾಲಿದ ದಿನಗಳೂ ಇದ್ದವು. 1843ರಲ್ಲಿ, ಭಾರೀ ಕಾಯಿಲೆಯಿಂದ ಎದ್ದ ಕೆಲವೇ ತಿಂಗಳಲ್ಲಿ, ರಾತ್ರಿ ಆರ್ಸ್ ಬಿಟ್ಟು ದಾರ್ದಿಯಿಯ ಅಣ್ಣನ ಮನೆಗೆ ಹೊರಟುಹೋದರು. ಎಲ್ಲೋ ಒಂಟಿಯಾಗಿ ಕುಳಿತು ತಮ್ಮ ಪಾಪಗಳಿಗಾಗಿ ಅಳಬೇಕೆಂಬುದು ಅವರ ಆಸೆ. ಜನರು ಅಲ್ಲಿಗೂ ಬಂದರು, ಅವರು ಮರಳಿದರು. 1853ರಲ್ಲಿ ಮತ್ತೆ ನಡುರಾತ್ರಿ ಹೊರಟಾಗ ಊರವರು ದೇವಾಲಯದ ಗಂಟೆ ಬಾರಿಸಿ ದಾರಿಗೆ ಅಡ್ಡ ನಿಂತರು. ವಿಯಾನ್ನಿ ಹಿಂತಿರುಗಿ ನೇರವಾಗಿ ಪಾಪನಿವೇದನೆಯ ಪೀಠಕ್ಕೆ ಹೋಗಿ ಕುಳಿತರು.

ನಾವು ಗಮನಿಸಬೇಕಾದದ್ದು ಇದನ್ನೇ. ಅವರ ಲತೀನ್ ಸುಧಾರಿಸಲಿಲ್ಲ, ಯೋಗ್ಯತೆಯ ಬಗ್ಗೆ ಇದ್ದ ಸಂಶಯ ಪೂರ್ತಿ ನೀಗಲಿಲ್ಲ. ಅವುಗಳೊಡನೆಯೇ ಅವರು ಬಂದು ಕುಳಿತರು. ದಿನಕ್ಕೆ ಹದಿನಾರು ಗಂಟೆಯವರೆಗೂ ಅಲ್ಲಿ ಕುಳಿತು ಫ್ರಾನ್ಸಿನ ಮೂಲೆಮೂಲೆಯಿಂದ ಬಂದವರ ಕಣ್ಣೀರು ಒರೆಸಿದರು. ರೋಗಿಗಳು ಗುಣವಾದರೆ ಅದನ್ನೆಲ್ಲ ಸಂತ ಫಿಲೋಮಿನಾರ ಲೆಕ್ಕಕ್ಕೆ ಹಾಕುತ್ತಿದ್ದರು. 1933ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಮೈಸೂರಿನ ಪ್ರಧಾನಾಲಯವು ಆ ಸಂತಳ ಹೆಸರನ್ನೇ ಹೊತ್ತಿದೆ. ಆರ್ಸ್‌ನಲ್ಲಿ 41 ವರ್ಷ ದುಡಿದ ವಿಯಾನ್ನಿ 1859ರ ಆಗಸ್ಟ್ 4ರಂದು ತೀರಿಕೊಂಡರು. 1925ರಲ್ಲಿ ಸಂತಪದವಿ ಬಂತು, 1929ರಲ್ಲಿ ಜಗದ ವಿಚಾರಣಾಗುರುಗಳ ಪಾಲಕರಾದರು.

ಹಾಗಾದರೆ ಸ್ವರ್ಗದ ತಂದೆಯಂತೆ ಪರಿಪೂರ್ಣರಾಗಿ ಎಂದು ಯೇಸುಸ್ವಾಮಿ ಹೇಳಲಿಲ್ಲವೇ? ಹೇಳಿದರು. ಆದರೆ ಮತ್ತಾಯರ ಶುಭಸಂದೇಶದಲ್ಲಿ ಆ ಮಾತು ಬರುವುದು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ದೇವರ ಪ್ರೀತಿಯನ್ನು ವಿವರಿಸಿದ ಮೇಲೆ. ಲೂಕರು ಅದೇ ಬೋಧನೆಯನ್ನು ಬರೆಯುವಾಗ ದಯಾವಂತರಾಗಬೇಕೆಂದೇ ಹೇಳುತ್ತಾರೆ. ದೇವರು ಕೇಳುವ ಪರಿಪೂರ್ಣತೆ ಪ್ರೀತಿಯಲ್ಲಿದೆ, ತಪ್ಪಿಲ್ಲದ ಲೆಕ್ಕಪುಸ್ತಕದಲ್ಲಲ್ಲ.

ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ತೊಂಬತ್ತು ಅಂಕ ತಂದ ಮಗುವಿಗೆ ಉಳಿದ ಹತ್ತು ಎಲ್ಲಿ ಎಂದು ಕೇಳುತ್ತೇವೆ. ಪಕ್ಕದ ಮನೆಯ ಮಗುವಿನೊಡನೆ ತೂಗಿ ನೋಡುತ್ತೇವೆ. ಮಾಡಿದ ಪಾಪವನ್ನೇ ಮತ್ತೆ ಮಾಡಿದೆನಲ್ಲ, ಯಾವ ಮುಖದಿಂದ ಹೋಗಲಿ ಎಂದು ವರ್ಷಗಟ್ಟಲೆ ಪಾಪನಿವೇದನೆಯಿಂದ ದೂರ ಉಳಿಯುತ್ತೇವೆ. ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಪ್ರಬೋಧನೆ ಸಪ್ಪೆಯಾದ ಭಾನುವಾರ ಊಟ ರುಚಿಸುವುದಿಲ್ಲ.

ಈ ಹಬ್ಬದಂದು ಒಂದು ಕೆಲಸ ಮಾಡೋಣ. ಮಕ್ಕಳನ್ನು ಹತ್ತಿರ ಕರೆದು, ಅಂಕ ಎಷ್ಟೇ ಬಂದರೂ ನೀನು ನಮ್ಮ ಮಗುವೇ ಎಂದು ಬಾಯಿಬಿಟ್ಟು ಹೇಳೋಣ. ಅದೇ ಮಾತನ್ನು ತಂದೆಯಾದ ದೇವರಿಂದ ಕೇಳಿಸಿಕೊಳ್ಳಲು ಪಾಪನಿವೇದನೆಗೆ ಹೋಗೋಣ. ಗುರು ಬಾಲೆಯಂತೆ ಹಿಂದುಳಿದವರ ಕೈಹಿಡಿಯುವ ಮನಸ್ಸನ್ನೂ, ವಿಯಾನ್ನಿಯವರಂತೆ ಕೊರತೆಗಳೊಡನೆಯೇ ಕರ್ತವ್ಯಕ್ಕೆ ಮರಳುವ ಧೈರ್ಯವನ್ನೂ ದೇವರು ನಮಗೆ ಕರುಣಿಸಲಿ. ಆಮೆನ್.