ಕೌಂಟರ್ ಮುಂದೆ ಕೂರುವ ಮುನ್ನ

ಹೋದ ತಿಂಗಳು ಕಾಲೇಜು ಹುಡುಗ ಹುಡುಗಿಯರ ಒಂದು ಗುಂಪು ಸಿಕ್ಕಿತ್ತು. 'ಸಮಾಜಕ್ಕೆ ಏನಾದ್ರೂ ಮಾಡ್ಬೇಕು ಸರ್, ಯಾವ ವಿಷಯ ತಗೊಳ್ಳೋಣ?' ಅಂತ ಕೇಳಿದರು. ಪಟ್ಟಿ ಆಗಲೇ ರೆಡಿ ಇತ್ತು: ಕೆರೆ, ಪ್ಲಾಸ್ಟಿಕ್, ಜಾತಿ, ಟ್ರಾಫಿಕ್. ಎಲ್ಲದಕ್ಕೂ ಒಂದೇ ಪ್ಲಾನ್: ಪೋಸ್ಟರ್, ಜಾಥಾ, ಗ್ರೂಪ್ ಫೋಟೊ. ನಗಬೇಡಿ, ಬಿ.ಇ. ಓದುವಾಗ ನಾನು ಮಾಡಿದ್ದೂ ಅಷ್ಟೇ. ಉತ್ತರದ ಬದಲು ಅವರಿಗೆ ನ್ಯಾಶ್‌ವಿಲ್ ಕಥೆ ಹೇಳಿದೆ.

ಅದು ಅಮೆರಿಕದ ಟೆನೆಸ್ಸೀ ರಾಜ್ಯದ ಊರು. 1950ರ ದಶಕದ ಕೊನೆಗೆ ಜೇಮ್ಸ್ ಲಾಸನ್ ಅಲ್ಲಿಗೆ ಬಂದರು. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲ್ಲ ಅಂದು ಜೈಲಿಗೆ ಹೋಗಿದ್ದವರು. ಆಮೇಲೆ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡುತ್ತಾ ಗಾಂಧಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದ್ದವರು. ನ್ಯಾಶ್‌ವಿಲ್‌ನ ಒಂದು ಚರ್ಚ್‌ನಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಕಮ್ಮಟ ಶುರು ಮಾಡಿದರು. ಡಯಾನ್ ನ್ಯಾಶ್, ಮುಂದೆ ಸಂಸದರಾದ ಜಾನ್ ಲೂಯಿಸ್ ಅಲ್ಲಿ ಕಲಿತವರೇ.

ಅನ್ಯಾಯ ಒಂದೆರಡಲ್ಲ: ಶಾಲೆ, ಕೆಲಸ, ಮನೆ, ಸಿನಿಮಾ ಟಾಕೀಸು. ಯಾವುದರಿಂದ ಶುರು ಮಾಡೋದು? ಕಮ್ಮಟಕ್ಕೆ ಬಂದ ಹೆಂಗಸರ ಮಾತಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತಿತ್ತು. ಪೇಟೆಯ ದೊಡ್ಡ ಅಂಗಡಿಗಳು ನಮ್ಮ ದುಡ್ಡು ತಗೊಳ್ತವೆ, ಆದರೆ ಅದೇ ಅಂಗಡಿಯ ಊಟದ ಕೌಂಟರಲ್ಲಿ ಹಸಿದ ಮಗುವಿನ ಜೊತೆ ಕೂರೋಕೆ ಬಿಡಲ್ಲ. ವಿದ್ಯಾರ್ಥಿಗಳು ಅದನ್ನೇ ಆರಿಸಿಕೊಂಡರು. ವಿಷಯ ಸಣ್ಣದು, ಆದರೆ ಸ್ಪಷ್ಟ. ಯಾರನ್ನು ಕೇಳಬೇಕು, ಏನು ಕೇಳಬೇಕು ಅನ್ನೋದರಲ್ಲಿ ಗೊಂದಲವೇ ಇಲ್ಲ.

ಆಮೇಲೆ ತಾಲೀಮು. ಅರ್ಧ ಜನ ಕುರ್ಚಿಯಲ್ಲಿ ಕೂರೋದು, ಉಳಿದವರು ಪುಂಡರಾಗಿ ಬಂದು ಬೈಯೋದು, ತಳ್ಳೋದು. ತಿರುಗಿ ಹೊಡೆಯಬಾರದು. ಆಗಲ್ಲ ಅನ್ನಿಸಿದವರಿಗೆ ಬೇರೆ ಕೆಲಸ. 1959ರ ನವೆಂಬರ್ ಕೊನೆಗೆ ಒಂದು ಸಣ್ಣ ಗುಂಪು ಅಂಗಡಿಗೆ ಹೋಗಿ, ಕೌಂಟರಲ್ಲಿ ಕೂತು, 'ಕೊಡಲ್ಲ' ಅನ್ನಿಸಿಕೊಂಡು, ಯಾಕೆ ಅಂತ ವಿಚಾರಿಸಿ ವಾಪಸ್ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಟೆಸ್ಟ್ ರನ್.

1960ರ ಫೆಬ್ರವರಿ 13ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಕೌಂಟರುಗಳಲ್ಲಿ ಕೂತರು. 27ರಂದು ಪುಂಡರು ಅವರ ಮೇಲೆ ಬಿದ್ದರು. ಪೊಲೀಸರು ಹಿಡಿದದ್ದು ಮಾತ್ರ ಏಟು ತಿಂದವರನ್ನು. ಒಂದು ಸಾಲು ಜೈಲಿಗೆ ಹೋದರೆ ಅದೇ ಸ್ಟೂಲುಗಳಿಗೆ ಇನ್ನೊಂದು ಸಾಲು ಬಂತು. ಅದೂ ಮೊದಲೇ ಹಾಕಿದ್ದ ಲೆಕ್ಕ. ಕಪ್ಪು ಗ್ರಾಹಕರು ಪೇಟೆಯಲ್ಲಿ ಖರೀದಿ ನಿಲ್ಲಿಸಿದರು. ಲಾಸನ್‌ರನ್ನು ಅವರ ವಿಶ್ವವಿದ್ಯಾಲಯ ಹೊರಹಾಕಿತು. ಏಪ್ರಿಲ್ 19ರಂದು ವಿದ್ಯಾರ್ಥಿಗಳ ಪರ ವಕೀಲರ ಮನೆಗೆ ಬಾಂಬ್ ಬಿತ್ತು. ಅವತ್ತೇ ಸಾವಿರಾರು ಜನ ಮೌನವಾಗಿ ಮೇಯರ್ ಕಚೇರಿಗೆ ನಡೆದರು. ಬಣ್ಣ ನೋಡಿ ಭೇದ ಮಾಡೋದು ಸರಿಯಾ ಅಂತ ಡಯಾನ್ ನೇರವಾಗಿ ಕೇಳಿದಳು. ಸರಿಯಲ್ಲ ಅಂತ ಮೇಯರ್ ಎಲ್ಲರ ಮುಂದೆ ಒಪ್ಪಿಕೊಂಡರು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ತೆರೆದವು. ಆ ಮೊದಲ ಊಟಕ್ಕೂ ತಯಾರಿ ಇತ್ತು: ಅಂಗಡಿಯವರಿಗೆ ಮೊದಲೇ ಗೊತ್ತಿದ್ದ ದಿನ, ಸಣ್ಣ ಸಣ್ಣ ಗುಂಪು, ಗೆದ್ದೆವು ಅನ್ನೋ ಗದ್ದಲ ಇಲ್ಲ.

ಈ ಕಥೆ ನನ್ನನ್ನು ಕಾಡೋಕೆ ಬೇರೆ ಕಾರಣವಿದೆ. ನಮ್ಮೂರಿನ ಹೋಟೆಲಲ್ಲಿ ನನಗೆ ಸ್ಟೀಲ್ ಲೋಟ, ಒಳಗೆ ಬೆಂಚು. ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದ ಗೆಳೆಯನಿಗೆ ಪ್ಲಾಸ್ಟಿಕ್ ಲೋಟ, ಹೊರಗೆ ಜಗಲಿ. ಸ್ಕೂಲಲ್ಲಿ ಅಸ್ಪೃಶ್ಯತೆ ಬಗ್ಗೆ ಭಾಷಣ ಮಾಡಿ ನಾನು ಬಹುಮಾನ ತಗೊಂಡಿದ್ದೆ. 'ನಿನಗೆ ಹೇಗನ್ಸುತ್ತೆ?' ಅಂತ ಅವನನ್ನು ಒಂದು ದಿನವೂ ಕೇಳಲಿಲ್ಲ. ಟೀ ಮಾತ್ರ ದಿನಾ ಕುಡಿದೆ.

ಇದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು: 'ನಮ್ಮ ಹಾಸ್ಟೆಲ್ ಕ್ಲೀನ್ ಮಾಡೋ ಆಂಟಿಯರು ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡ್ತಾರೆ?' ಯಾರಿಗೂ ಗೊತ್ತಿರಲಿಲ್ಲ. 'ಪೋಸ್ಟರ್ ಆಮೇಲೆ ಮಾಡೋಣ. ಮೊದಲು ಹೋಗಿ ಅವರನ್ನೇ ಕೇಳ್ಕೊಂಡು ಬನ್ನಿ' ಅಂದೆ.